ಹಳೇ ಕಾರಿನ ಬಿಂಕ

ಗುಜರಿ ಅಂಗಡಿಯ ಹಿತ್ತಲಲ್ಲಿ ಒಂದು ಹಳೇ ಸ್ಪೋರ್ಟ್ಸ್ ಕಾರಿನ ಬರೀ ಬಾಡಿ ಬಿದ್ದಿತ್ತು. ಎಂಜಿನ್ ಇಲ್ಲ, ಚಕ್ರ ಇಲ್ಲ. ಬಿಂಕಕ್ಕೆ ಮಾತ್ರ ಕೊರತೆ ಇರಲಿಲ್ಲ. ಒಂದು ಕೋಳಿ ಅದರೊಳಗೆ ದಿನಾ ಮೊಟ್ಟೆ ಇಡುತ್ತಿತ್ತು.

ಒಂದು ದಿನ ಹಲ್ಲಿನ ಡಾಕ್ಟರು ಬೆಳ್ಯಪ್ಪ ಬಂದು ಆ ಕಾರನ್ನು ಕೊಂಡು, ಅಲ್ಲೇ ಪೂಜೆ ಮಾಡಿಸಿದರು. ನಿಂಬೆಹಣ್ಣಿನ ಮೇಲೆ ಹತ್ತಿಸೋಣವೆಂದರೆ ಕಾರಿಗೆ ಚಕ್ರವೇ ಇಲ್ಲ. ನಾಲ್ಕೂ ಹಣ್ಣನ್ನು ಡಾಕ್ಟರೇ ತುಳಿದು ಅಪ್ಪಚ್ಚಿ ಮಾಡಿದರು.

"ಏಳಮ್ಮ ಕೋಳಿ," ಎಂದಿತು ಕಾರು. "ನನ್ನ ವಂಶದ ಬೆಲೆ ಬಲ್ಲವರು ಬಂದಿದ್ದಾರೆ. ನನ್ನನ್ನು ಮೊದಲಿನಂತೆ ಮಾಡುತ್ತಾರೆ."

"ಹಲ್ಲು ಕೀಳುವವರ ಕೈಗೆ ಸಿಕ್ಕಿದ್ದೀಯಪ್ಪ, ಹುಷಾರು," ಎಂದು ಕೋಳಿ ಕೆಳಗಿಳಿಯಿತು.

ಡಾಕ್ಟರಿಗೆ ತುಕ್ಕು ಕಂಡರೆ ಹುಳುಕು ಹಲ್ಲು ಕಂಡಂತೆ. ಕಾರನ್ನು ತಮ್ಮ ಶೆಡ್ಡಿಗೆ ಸಾಗಿಸಿ ಎಂಜಿನ್ನು, ಚಕ್ರ ಕೂಡಿಸಿದರು. ವಾರದೊಳಗೆ ಹೊಸ ಬಾಗಿಲು ಹಾಕಿಸಿ, ಹಳೆಯದನ್ನು ಗುಜರಿಗೆ ವಾಪಸ್ ಕಳಿಸಿದರು. ಆಮೇಲೆ ಹಳೇ ಬಾನೆಟ್ ಬಂತು, ಹಳೇ ಡಿಕ್ಕಿ ಬಂತು, ಕೊನೆಗೆ ತಳವೂ ಟಾಪೂ ಬಂದು ಮೊದಲಿನ ಜಾಗದಲ್ಲೇ ರಾಶಿ ಬಿದ್ದವು. ಡಾಕ್ಟರ ಶೆಡ್ಡಿನಲ್ಲಿ ಉಳಿದ ಹಳೇ ಸಾಮಾನೆಂದರೆ ಕಾರಿನ ಮೂತಿಯ ಮೇಲಿದ್ದ ಹೆಸರಿನ ಬಿಲ್ಲೆ ಒಂದೇ.

ಆಯುಧಪೂಜೆಯ ದಿನ, ಮೂತಿಯ ಮೇಲೆ ಅದೇ ಬಿಲ್ಲೆ ಹೊತ್ತು ಥಳಥಳ ಹೊಳೆಯುವ ಕಾರೊಂದು ಗುಜರಿಯ ಮುಂದೆ ಹಾದುಹೋಯಿತು. ಜನ ಮುಗಿಬಿದ್ದು ಫೋಟೊ ತೆಗೆದರು.

"ನೋಡಿದೆಯಾ ಕೋಳಿ!" ಎಂದು ಹಿತ್ತಲ ರಾಶಿ ಅರಚಿತು. "ಅದು ನಾನೇ!"

"ಹೌದಪ್ಪ, ನೀನೇ," ಎಂದಿತು ಕೋಳಿ, ಅಂಗಾತ ಬಿದ್ದ ಟಾಪಿನೊಳಗೆ ಹದವಾಗಿ ಕೂರುತ್ತ. "ಈಗ ಸ್ವಲ್ಪ ಅಲುಗಾಡದೆ ಇರು. ಮೊಟ್ಟೆ ಬರುತ್ತಿದೆ."