ಮಡ್ಡಮ್ಮ ‘ನೀಡಿ’ ಅಂದ್ಲು

ನಗೋವರು ನಗ್ರಿ, ತೂಕಡಸೋವರು ತೂಕಡಸ್ರಿ, ನನಗೇನು ಬ್ಯಾಸರಿಲ್ಲ. ಒಂದೂರಾಗ ಫಕೀರವ್ವ ಅಂತ ಒಬ್ಬಾಕಿ, ಆಕಿಗೆ ಅಡಿವೆಪ್ಪ ಅಂತ ಒಬ್ಬನ ಮಗ. ಮೂವತ್ತು ದಾಟಿದಂವ, ಮುಖದ ತುಂಬ ಮೀಸಿ, ಬುದ್ಧಿ ಮಾತ್ರ ಇನ್ನೂ ತೊಟ್ಟಿಲದಾಗ. ಯಾರರ ಒಂದು ಮಾತು ಅಂದ್ರ ಆ ಮಾತು ಬಂದು ಅಂವನ ಕಣ್ಣ ಮುಂದ ನಿಲ್ಲತಿತ್ತು, ಅದರ ಹಿಂದಿನ ಅರ್ಥ ಮಾತ್ರ ಕಾಣತಿರಲಿಲ್ಲ. ಹಾಲಿನ ಮ್ಯಾಲ ಕಣ್ಣಿಡು ಅಂದ್ರ ಕುದಿಯೋ ಹಾಲಿಗೆ ಕಣ್ಣು ಹಚ್ಚಾಕ ಹೋಗಿ ಹುಬ್ಬು ಸುಟ್ಟುಕೊಂಡ. ಬಾಯಿ ಮುಚ್ಚು ಅಂದ್ರ ಎರಡೂ ಕೈಲೆ ಬಾಯಿ ಮುಚ್ಚಿಕೊಂಡು ಎರಡು ದಿನ ಉಪಾಸ ಕುಂತ.

ಫಕೀರವ್ವಗ ಕಣ್ಣು ಮಂಜಾಗಿದ್ದವು. ತಾ ಸತ್ತ ಮ್ಯಾಲ ಈ ಮಗಗ ಎರಡು ರೊಟ್ಟಿ ಯಾರು ನೀಡ್ಯಾರು ಅನ್ನೋದೊಂದ ಚಿಂತಿ. ಗುಡ್ಡದ ಮ್ಯಾಲಿನ ಬಂಗಲೆದಾಗ ಒಬ್ಬಾಕಿ ಇಂಗ್ಲಿಷ ಮಡ್ಡಮ್ಮ ಇದ್ಲು. ಗಂಡ ತೀರಿಹೋಗಿದ್ದ, ಮಕ್ಕಳಿಲ್ಲ. ಫಕೀರವ್ವ ಆಕಿ ಕೈಕಾಲು ಹಿಡಿದು ಮಗನ್ನ ಅಲ್ಲಿ ಊಟಕ್ಕ ನೀಡೋ ಕೆಲಸಕ್ಕ ಹಚ್ಚಿದ್ಲು. “ಮಡ್ಡಮ್ಮನ ಬಾಯಿಂದ ಏನು ಬರತೈತಿ ಅಷ್ಟು ಮಾಡಪಾ. ಈ ಕೆಲಸ ಹೋತಂದ್ರ ನಿನಗ ದಿಕ್ಕಿಲ್ಲ” ಅಂದ್ಲು.

ಮಡ್ಡಮ್ಮನ ಮಾತು ಅಡಿವೆಪ್ಪಗ ಪಾರಿವಾಳ ಗುಟುರು ಹಾಕಿದಂಗ ಕೇಳತಿತ್ತು. ಕೇಳಿಕೋತ ನಿಂತ್ರ ನಿಂತಲ್ಲೆ ಕನಸು ಬೀಳತಿತ್ತು. ಹಿಂಗ ಒಂದು ಮಧ್ಯಾಹ್ನ, ಮಗ್ಗ ನಿಂತ ನೇಕಾರರ ಮಂದಿ ಗೇಟಿನ ಮುಂದ ಬಂದು ಕುಂತ್ರು. ಮಡ್ಡಮ್ಮ ಕಿಟಕಿಯಿಂದ ನೋಡಿ, ಊಟಕ್ಕ ಬಂದ ಪಾದ್ರಿಗೆ “ವೆರಿ ನೀಡಿ” ಅಂದ್ಲು. ಅಡಿವೆಪ್ಪಗ ಕೇಳಿದ್ದು “ಭಾರಿ ನೀಡಿ”. ಹುಟ್ಟಿದಾಗಿಂದ ಅಂವಗ ಮಾಡು, ತಗೋ, ಹೋಗು ಅಂದವರ ಎಲ್ಲಾರು. ಮರ್ಯಾದಿ ಕೊಟ್ಟು ‘ನೀಡಿ’ ಅಂದಾಕಿ ಈ ಮಡ್ಡಮ್ಮ ಒಬ್ಬಾಕೆ. ಉಬ್ಬಿಹೋದ. ಪಾದ್ರಿಗಂತ ಮಾಡಿದ ಅನ್ನ, ಸಾರು, ಹುರಿದ ಕೋಳಿ, ಎಲ್ಲಾ ಹೊತ್ತುಕೊಂಡು ಹೋಗಿ ಗೇಟಿನಾಗ ಭಾರಿ ನೀಡಿದ.

ಪಾದ್ರಿ ಬಾಳಿಹಣ್ಣು ತಿಂದು ಹೋದ. ಅಡಗಿ ಮಾಡೋ ಮೌಲಾಸಾಬ ತಲಿ ತಲಿ ಬಡಕೊಂಡು ಬೈದ. ಅದು ನಮ್ಮ ನೀಡೋದಲ್ಲೋ, ಅವರ ಮಾತಿನಾಗ ನೀಡಿ ಅಂದ್ರ ಇಲ್ಲದವರು. ಸಿಕ್ಕವರಿಗೆಲ್ಲಾ ಸುರುವಬ್ಯಾಡ, ಇಲ್ಲದವರಿಗೆ ಒಂದೊಂದು ರೊಟ್ಟಿ ಕೊಡು, ಅಷ್ಟ ಅಂದ.

ಮರುದಿನ ಮತ್ತ ನೇಕಾರರು ಬಂದ್ರು. ಅಡಿವೆಪ್ಪ ಅವರನ್ನ ಎಣಿಸಿ ನೋಡಿದ, ಒಬ್ಬೊಬ್ಬರನ್ನ ಮುಟ್ಟಿ ನೋಡಿದ. “ನೀವೆಲ್ಲಾ ಇದ್ದೀರಲ್ಲಪಾ, ಇದು ಇಲ್ಲದವರಿಗೆ” ಅಂದು ರೊಟ್ಟಿ ಬುಟ್ಟಿ ಹೊತ್ತುಕೊಂಡು ನಡೆದ. ಊರು ಬಿಟ್ಟು ಹೋದವರ ಹೊಸ್ತಿಲಕ್ಕೊಂದು, ಪಾಳು ಗುಡಿಸಲಕ್ಕೊಂದು ಇಟ್ಟ. ಉಳಿದದ್ದನ್ನ ಅಪ್ಪನ ಸಮಾಧಿಗೆ ಇಟ್ಟು, ಗಾಳಿಗೆ ಹುಲ್ಲು ಅಲುಗಿದ್ದನ್ನ ನೋಡಿ, ಅಪ್ಪ ಉಂಡ, ಹೊಟ್ಟಿ ತುಂಬಿತು ಅಂತ ತಿಳಕೊಂಡ. ಕಾಗಿಗಳಿಗೆ ಹಬ್ಬ ಆತು.

ಫಕೀರವ್ವ ಬಂದು ಬೈದ್ಲು. ಇಲ್ಲದವರು ಅಂದ್ರ ಸತ್ತವರಲ್ಲೋ ಖೋಡಿ, ಬಡವರು. ಮಡ್ಡಮ್ಮ ಯಾರಿಗೆ ನೀಡಿ ಅಂತಾಳೋ ಅವರು ಬಡವರು ಅಂತ ತಿಳಿ, ಅವರನ್ನ ನೋಡಿಕೋ ಅಂದ್ಲು. ಹೂಂ ಅಂದ.

ಆ ವಾರ ಮಡ್ಡಮ್ಮನ ತಂಗಿ ವಿಲಾಯತಿಯಿಂದ ಬಂದ್ಲು. ರೇಷ್ಮಿ ಅರಿವಿ, ಕೊರಳಾಗ ಮುತ್ತು. ಅಕ್ಕ ಎದ್ರ ತಾನೂ ಏಳತಿದ್ಲು, ಅಕ್ಕ ತ್ವಾಟಕ್ಕ ಹೋದ್ರ ತಾನೂ ಹೋಗತಿದ್ಲು, ನನ್ನ ಮ್ಯಾಲ ಪ್ರೀತಿ ಐತೋ ಇಲ್ಲೋ ಅಂತ ತಾಸಿಗೊಮ್ಮೆ ಕೇಳಿ ಅಳತಿದ್ಲು. ಮಡ್ಡಮ್ಮ ಬ್ಯಾಸತ್ತು ಹಲ್ಲು ಕಚ್ಚಿ “ಸೋ ನೀಡಿ” ಅಂದ್ಲು. ಅಯ್ಯ ಪಾಪ, ಇಷ್ಟು ಚಂದನ ಹೆಣ್ಣುಮಗಳು ಬಡವಿ ಅಂದುಕೊಂಡ ಅಡಿವೆಪ್ಪ.

ಟವೆಲ್ ಒಡ್ಡಿಕೊಂಡು ನೇಕಾರರ ಓಣಿಗೆ ಹೋದ. ಮಡ್ಡಮ್ಮನ ತಂಗಿಗೆ ಉಣ್ಣಾಕ ಇಲ್ಲಂತ್ರಿ ಅಂದ. ಆ ಮಂದಿನೂ ಎಂಥವರು ನೋಡ್ರಿ, ಅಂದು ಬಂಗಲೆ ಅನ್ನ ಉಂಡವರು. ಒಬ್ಬಾಕಿ ಅರ್ಧ ರೊಟ್ಟಿ, ಒಬ್ಬಾಕಿ ಹಿಡಿ ಜ್ವಾಳದ ಹಿಟ್ಟು, ಒಂದು ಮುದುಕಿ ತನ್ನ ಹರಕ ಸೀರಿ ಕೊಟ್ಲು. ಅಡಿವೆಪ್ಪ ಎಲ್ಲಾ ತಂದು ತಂಗಿಯ ರೇಷ್ಮಿ ಮಡಿಲಾಗ ಸುರುವಿ ಕೈ ಮುಗಿದ.

ಆಕಿ ಚೀರಿದ್ದು ಗುಡ್ಡದ ಕೆಳಗಿನವರಿಗೂ ಕೇಳಿತಂತ. ಮರುದಿನ ಗಾಡಿ ಏರಿ ಹೊಂಟೇ ಹೋದ್ಲು. ಮಡ್ಡಮ್ಮ, ಇನ್ನೊಂದು ತಪ್ಪು ಮಾಡಿದ್ರ ಇಂವನೂ ಮನಿಗೆ ಅಂತ ಮೌಲಾಸಾಬನ ಕೈಲೆ ಹೇಳಿಸಿದ್ಲು. ಮೌಲಾಸಾಬ ಈ ಸಲ ಬೈಲಿಲ್ಲ, ಕುಂಡ್ರಿಸಿಕೊಂಡು ಹೇಳಿದ. “ಅಡಿವೆಪ್ಪಾ, ಅವರ ನೀಡಿಯೊಳಗ ಎರಡು ಬಡತನ ಅದಾವ. ಒಂದು ಹೊಟ್ಟಿದು, ಒಂದು ಮನಸಿಂದು. ಹೊಟ್ಟಿ ತುಂಬಿದ್ರೂ ಯಾರರ ಬಾಜೂಕ ಬೇಕು ಬೇಕು ಅಂತಾರಲ್ಲ, ಅವರಿಗೂ ಅದ ಮಾತು. ಅಂಥವರಿಗೆ ರೊಟ್ಟಿ ಕೊಟ್ರ ಆಗೂದಿಲ್ಲ, ಜೋಡಿ ಕುಂಡ್ರಬೇಕು.”

ಅಡಿವೆಪ್ಪಗ ಅಂಜಿಕಿ ಹೊಕ್ಕಿತು. ಒಂದು ಮಾತೂ ತಪ್ಪಬಾರದು ಅಂತ ಮಡ್ಡಮ್ಮನ ಹಿಂದ ಹಿಂದ ತಿರುಗಿದ. ಆಕಿ ಓದಿದ್ರ ಕುರ್ಚಿ ಹಿಂದ, ಆಕಿ ಮಲಗಿದ್ರ ಬಾಗಿಲ ಹಿಂದ. ಪಾದ್ರಿ ಬಂದಾಗ ಮಡ್ಡಮ್ಮ ಇಂವನ್ನ ತೋರಿಸಿ, ಉಸಿರು ಬಿಟ್ಟು, “ಸೋ ನೀಡಿ” ಅಂದ್ಲು.

ಅಡಿವೆಪ್ಪ ವಿಚಾರ ಮಾಡಿದ. ಹೊಟ್ಟಿ ಮುಟ್ಟಿ ನೋಡಿದ, ತುಂಬಿತ್ತು. ಅಂದಮ್ಯಾಲ ಇದು ಮನಸಿನ ಬಡತನ. ಯಾರರ ಅಡಿವೆಪ್ಪನ ಜೋಡಿ ಕುಂಡ್ರಬೇಕು. ಎಲ್ಲಾರಿಗೂ ಕೆಲಸ ಐತಿ, ನನಗ ಪುರಸೊತ್ತೈತಿ, ನಾನ ಕುಂಡ್ರತೀನಿ ಅಂದ. ಮಡ್ಡಮ್ಮನ ಖೋಲಿಯಿಂದ ಆಳೆತ್ತರದ ಕನ್ನಡಿ ಹೊತ್ತು ತಂದು ಪಡಸಾಲಿ ಗ್ವಾಡಿಗೆ ಆನಿಸಿ, ಅದರ ಎದುರಿಗೆ ಚಕ್ಕಂಬಕ್ಕಳ ಹಾಕಿ ಕುಂತ. ಒಳಗಿನ ಅಡಿವೆಪ್ಪ ನಕ್ಕ, ಹೊರಗಿನಂವನೂ ನಕ್ಕ. ಸಂಜಿ ಬಿಸಿಲು ಇಬ್ಬರ ಮ್ಯಾಲೂ ಬಿತ್ತು. ಇಷ್ಟು ಹಿತ ಅಂವಗ ಯಾವತ್ತೂ ಆಗಿರಲಿಲ್ಲ.

ಫಕೀರವ್ವ ಮಗನ ಕೆಲಸ ಉಳಿಸ್ರಿ ಅಂತ ಬೇಡಿಕೊಳ್ಳಾಕ ಬಂದ್ಲು. ಮಂಜು ಕಣ್ಣಿಗೆ ಇಬ್ಬರು ಮಕ್ಕಳು ಕಂಡ್ರು. ಅಡಿವೆಪ್ಪ ಹೇಳಿದ: “ಅವ್ವಾ, ಚಿಂತಿ ಬಿಡು. ನೀ ಹೋದ ಮ್ಯಾಲ ಇಂವ ನನ್ನ ಜೋಡಿ ಉಣ್ಣತಾನ.”

ಫಕೀರವ್ವ ಮಗನ ಬಾಜೂಕ ಕುಂತು ಸೆರಗಿಲೆ ಮುಖ ಮುಚ್ಚಿಕೊಂಡು ಅತ್ಲು. ಕನ್ನಡಿಯೊಳಗೂ ಒಬ್ಬಾಕಿ ಅತ್ಲು.

ಮಡ್ಡಮ್ಮ ಬಂದದ್ದು ಅಂವನ್ನ ಮನಿಗೆ ಕಳಿಸಾಕನ. ಮೌಲಾಸಾಬ ಆಕಿ ಮಾತಿನಾಗ ತಡದು ತಡದು ಆ ತಾಯಿ ಮಗನ ಮಾತು ತಿಳಿಸಿ ಹೇಳಿದ. ಮಡ್ಡಮ್ಮ ಮೇಜಿನ ಮ್ಯಾಲಿನ ತನ್ನ ತಾಟು ತಗೊಂಡು ಬಂದು, ಫಕೀರವ್ವನ ಬಾಜೂಕ ನೆಲದ ಮ್ಯಾಲ ಕುಂತು, ತಾಟು ಮುಂದ ಹಿಡಿದು ಮೆಲ್ಲಕ “ನೀಡಿ” ಅಂದ್ಲು.

ಆಕಿ ಮಾತಿನ ನೀಡಿಯೋ, ನಮ್ಮ ಮಾತಿನ ನೀಡಿಯೋ, ನನಗೂ ಗೊತ್ತಿಲ್ಲ. ಅಡಿವೆಪ್ಪ ಮಾತ್ರ ಎದ್ದು, ಮೀಸಿ ತಿದ್ದಿಕೊಂಡು, ಸೌಟು ತುಂಬ ಬಿಸಿ ಸಾರು ತಗೊಂಡು, ಬಗ್ಗಿ, ಭಾರಿ ಮರ್ಯಾದಿಲೆ ಕನ್ನಡಿಯೊಳಗಿನ ಮಡ್ಡಮ್ಮನ ತಾಟಿಗೆ ನೀಡಿದ.