ಹೊಳೆಯಲ್ಲಿ ತೊಳೆದ ಕೈ

ಹೊಳೆದಂಡೆಯ ಆ ಮಠದಲ್ಲಿ ಒಂದು ಕಟ್ಟಳೆಯಿತ್ತು. ಹೊಳೆಗಿಳಿದು ಕೈ ತೊಳೆಯದೆ ಯಾರೂ ರೋಗಿಯನ್ನು ಮುಟ್ಟುವಂತಿರಲಿಲ್ಲ. ವೈದ್ಯ ಮುರಿಗೆಪ್ಪಯ್ಯನವರು ಮಾಡಿದ್ದ ಕಟ್ಟಳೆ ಅದು. ಅವರ ಶಿಷ್ಯ ಚನ್ನವೀರ ಅದನ್ನು ಒಂದು ದಿನವೂ ತಪ್ಪಿಸಿದವನಲ್ಲ.

ಮಾಗಿಯ ಚಳಿ. ಗುರುಗಳು ಬೇರು ಅಗೆಯಲು ಗುಡ್ಡಕ್ಕೆ ಹೋಗಿದ್ದರು. ಸಂಕವ್ವ ಎಂಬ ಬಾಣಂತಿ ಹಸುಗೂಸನ್ನು ಎತ್ತಿಕೊಂಡು ಓಡಿಬಂದಳು.

“ಕೂಸು ಅಳವಲ್ದು, ಮಲಿ ಹಿಡೀವಲ್ದು. ನೋಡ್ರಿ ಯಪ್ಪಾ!”

ಚನ್ನವೀರ ಹೊಳೆಗೆ ಓಡಿ ಕೈ ತೊಳೆದು ಬಂದ. ಕೂಸಿನ ಮುಖ ಕೆಂಪಗಿತ್ತು. ಎದೆ ಮುಟ್ಟಿದರೆ ಬಿಸಿ ಎನಿಸಿತು. ಜ್ವರವೇ ಸರಿ ಎಂದು ಹೊದಿಕೆ ಬಿಚ್ಚಿಸಿ, ಹಣೆಗೆ ಒದ್ದೆ ಬಟ್ಟೆ ಹಾಕಿದ.

ಕೂಸು ಇನ್ನಷ್ಟು ಸುಮ್ಮನಾಯಿತು.

ಮತ್ತೆ ಕೈ ತೊಳೆದು ಬಂದು ಮುಟ್ಟಿದ. ಇನ್ನೂ ಬಿಸಿ. ಸಂಕವ್ವ ಅವನ ಮುಖವನ್ನೇ ನೋಡುತ್ತಿದ್ದಳು.

ಅಷ್ಟರಲ್ಲಿ ಗುರುಗಳು ಬಂದರು.

“ಜ್ವರ ಇಳೀವಲ್ದರಿ, ಗುರುಗಳ!”

ಗುರುಗಳು ಹೊಳೆಗಿಳಿಯಲಿಲ್ಲ. ಒಲೆಯ ಮೇಲಿನ ಹಂಡೆಯಿಂದ ಬಿಸಿನೀರು ಮೊಗೆದು ಕೈ ತೊಳೆದರು. ಕೂಸಿನ ಅಂಗಾಲು ಮುಟ್ಟಿದರು. ಒದ್ದೆ ಬಟ್ಟೆಯನ್ನು ಕಿತ್ತೆಸೆದರು.

“ತಾಯಿ, ಕೂಸಿನ್ನ ಬರೇ ಎದಿಗೆ ಅವಚ್ಕೋ. ನಡುವ ಬಟ್ಟಿ ಬ್ಯಾಡ.”

ತಮ್ಮ ಕಂಬಳಿಯನ್ನು ಇಬ್ಬರಿಗೂ ಹೊದಿಸಿದರು.

“ಜ್ವರಕ್ಕ ಕಂಬಳಿ ಏನ್ರೀ?” ಎಂದ ಚನ್ನವೀರ.

“ನಿನ್ನ ಕೈ ಕಂಕುಳಾಗ ಇಟ್ಕೊಂಡ ನಿಂದ್ರು.”

ಅವನು ನಿಂತ. ಹೊಳೆನೀರಿಗೆ ಮರಗಟ್ಟಿದ್ದ ಬೆರಳಿಗೆ ಜೀವ ಬಂದ ಮೇಲೆ ಗುರುಗಳು ಕಂಬಳಿಯ ಅಂಚು ಎತ್ತಿದರು. “ಈಗ ಮುಟ್ಟು.”

ಕೂಸಿನ ಕಾಲು ತಣ್ಣಗೆ ಕೊರೆಯುತ್ತಿತ್ತು.

ಚನ್ನವೀರ ಕೈ ತೆಗೆದು ಕೆಳಗೆ ಕೂತ. “ಆರಿ ಹೋಗೂ ಕೂಸಿಗೆ ನಾ ನೀರ ಹಾಕಿದ್ನಲ್ಲರೀ. ಏನ ಔಷಧ ಕೊಡೋಣ್ರಿ?”

“ಕೊಟ್ಟಾಗೈತಿ. ತಾಯಿ ಮೈ ಕಾವೇ ಔಷಧ.”

ಅವನಿಗೆ ತಡೆಯಲಾಗಲಿಲ್ಲ. ಎದ್ದು ಹೋಗಿ ಕಂಬಳಿ ಸರಿಸಿ ಮುಟ್ಟಿದ. ಸ್ವಲ್ಪ ಹೊತ್ತಿಗೆ ಮತ್ತೆ ಹೋದ. ಮೂರನೆಯ ಸಲ ಗುರುಗಳು ಅವನ ಮಣಿಕಟ್ಟು ಹಿಡಿದರು.

“ನೀ ತಗದಾಗೊಮ್ಮೆ ಒಳಗಿನ ಕಾವ ಹೊರಗ ಹೋಗತೈತಿ.”

“ಹೆದರಿಕಿ ಆಗತೈತ್ರಿ.”

“ಹೆದರಿಕಿ ನಿಂದು. ಕಾವು ಕೂಸಿಂದು.”

ಚನ್ನವೀರ ಕೈ ಹಿಂದಕ್ಕೆಳೆದುಕೊಂಡ. ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂತು. ಅಷ್ಟು ಹೊತ್ತೂ ಅವನು ಕಂಬಳಿಯನ್ನೇ ನೋಡುತ್ತ ಕೂತಿದ್ದ. ಒಳಗೆ ಏನೂ ಅಲುಗಲಿಲ್ಲ.

ಆಮೇಲೆ ಸಂಕವ್ವ ಒಮ್ಮೆಲೆ ತಲೆ ಬಗ್ಗಿಸಿದಳು.

“ಹಿಡೀತರಿ, ಅಜ್ಜಾರ! ಮಲಿ ಹಿಡೀತು!”

ಅವಳು ಅತ್ತಳು. ಚನ್ನವೀರನೂ ಅತ್ತ.

ಸಂಕವ್ವ ಮನೆಗೆ ಹೋದ ಮೇಲೆ ಅವನು ಕೇಳಿದ: “ಗುರುಗಳ, ಇನ್ನ ಹೊಳ್ಯಾಗ ಕೈ ತೊಳೀಬಾರ್ದೇನ್ರಿ?”

“ತೊಳಿ,” ಎಂದರು ಗುರುಗಳು. “ತೊಳದ ಕೈ ಮೊದಲ ನಿನ್ನ ಕುತ್ತಿಗಿ ಮ್ಯಾಲ ಇಟ್ಕೋ. ಥಂಡಿಗೆ ನೀ ನಡುಗಿದೆಪ್ಪಾ ಅಂದ್ರ, ಇನ್ನೊಬ್ರನ್ನ ಮುಟ್ಟಬ್ಯಾಡ.”