ಮೇನಿಗೊಂದು ಬೀಗ

"ಸಾವ್ಕಾರ್ರೆ, ಮೇನ್ ಸ್ವಿಚ್ಚಿಗೊಂದು ಬೀಗ ಕೊಡಿಸಿ. ನಾನು ಮೋಟರಿಗೆ ಕೈಹಾಕಿದಾಗ ಯಾರಾದ್ರೂ ಸ್ವಿಚ್ ಹಾಕಿದ್ರೆ ಸುಟ್ಟು ಕರಕಲಾಗ್ತೀನಿ," ಅಂದ ಎಣ್ಣೆ ಗಿರಣಿಯ ಎಲೆಕ್ಟ್ರಿಷಿಯನ್ ಹಾಲಪ್ಪ.

"ಬೀಗವಂತೆ ಬೀಗ! ದಂಡದ ಖರ್ಚು. ಹೋಗಿ ಕೆಲಸ ನೋಡೋ," ಅಂದರು ಸಾಹುಕಾರರು.

ಹಾಲಪ್ಪ ಮೇನ್ ಆರಿಸಿ, ಫ್ಯೂಸುಗಳನ್ನೇ ಕಿತ್ತು ಬಚ್ಚಿಟ್ಟು, ನಿಶ್ಚಿಂತೆಯಿಂದ ಮೋಟರು ಬಿಚ್ಚಿದ.

ಸ್ವಲ್ಪ ಹೊತ್ತಿಗೇ ಸಾಹುಕಾರರಿಗೆ ಸೆಕೆಯಾಯಿತು. "ಫ್ಯಾನು ನಿಂತಿದೆ, ಮೇನ್ ಹಾಕ್ರೋ!" ಅಂತ ಕೂಗಿದರು. ಆಳುಗಳು ಗಿರಣಿಯೆಲ್ಲ ಜಾಲಾಡಿದರೂ ಫ್ಯೂಸು ಸಿಗಲಿಲ್ಲ.

ಕೆಲಸ ಮುಗಿಸಿ, ಕೈ ಒರೆಸಿಕೊಳ್ಳುತ್ತ ಹಾಲಪ್ಪ ಬಂದ. "ಗೂಟಕ್ಕೆ ನೇತುಹಾಕಿದ ನಿಮ್ಮ ಕೋಟಿನ ಜೇಬಲ್ಲಿದೆ, ಸಾವ್ಕಾರ್ರೆ."

"ನನ್ನ ಜೇಬಲ್ಲಾ! ಯಾಕೋ?"

"ಬೀಗ ಇಲ್ದಿದ್ರೂ, ಒಳಗೆ ಹೋದದ್ದು ಹೊರಗೆ ಬಾರದ ಜಾಗ ಈ ಗಿರಣೀಲಿ ಅದೊಂದೇ."

ಮರುದಿನ ಮೇನಿಗೆ ಬೀಗ ಬಂತು. ಕೋಟಿನ ಜೇಬಿಗೆ ಗುಂಡಿಯೂ ಬಂತು.